ಕಜ್ಜಿ ಔಷಧಿಗೆ ಬಂದ ಬೀಗರು

ಹಿರಿಯೂರಿನ ಆಸ್ಪತ್ರೆಯಲ್ಲಿ ಗಂಡಸರ ಸಾಲಿನಲ್ಲಿ ನಿಂತಿದ್ದ ಈರಬಸಪ್ಪ ಪಕ್ಕದ ಹೆಂಗಸರ ಸಾಲಿನತ್ತ ತಿರುಗಿದವನೇ ಕೈಲಿದ್ದ ಖಾಲಿ ಸೀಸೆಯನ್ನು ಕಂಬಳಿಯೊಳಕ್ಕೆ ತೂರಿಸಿದ. ಅಲ್ಲಿ ನಿಂತಿದ್ದವಳು ಅವನ ಮಗಳ ಅತ್ತೆ ಉಚ್ಚಂಗಮ್ಮ. ಅವಳೂ ಅದೇ ಹೊತ್ತಿಗೆ ಒಂದು ಸೀಸೆಯನ್ನು ಸೆರಗಿನಲ್ಲಿ ಮರೆಮಾಡುತ್ತಿದ್ದಳು. ಕಜ್ಜಿಯ ಸುದ್ದಿ ಗುರುತಿನವರ ಕಿವಿಗೆ ಬೀಳಬಾರದೆಂದು ಅವನು ಹತ್ತಿರದ ಹೊಸದುರ್ಗವನ್ನೂ ಅವಳು ಹೊಳಲ್ಕೆರೆಯನ್ನೂ ಬಿಟ್ಟು ಬಸ್ಸು ಹತ್ತಿ ಬಂದಿದ್ದರು. ಮಾನ ಉಳಿಸಿಕೊಳ್ಳಲು ಅಷ್ಟು ದೂರ ಬಂದು ಬೀಗರ ಕೈಗೇ ಸಿಕ್ಕಿಬಿದ್ದರು.

"ಏನ್ ಬೀಗ್ರೆ, ಇಷ್ಟು ದೂರ?" ಎಂದಳು ಉಚ್ಚಂಗಮ್ಮ.

"ಕೆಮ್ಮು," ಎಂದ ಈರಬಸಪ್ಪ. ಹೇಳಿದ ಮೇಲೆ ನೆನಪಾಗಿ ಎರಡು ಸಲ ಕೆಮ್ಮಿದ. "ನಿಮ್ಗೆ?"

"ಮಂಡಿ ನೋವು."

"ಮಂಡಿ ನೋವಿಗೂ ಸೀಸೆ ತರ್ಬೇಕಾ?"

"ತಿಕ್ಕಾಕೆ ಎಣ್ಣೆ ಕೊಡ್ತಾರಂತೆ."

ಕಿಟಕಿಯಲ್ಲಿ ಚೀಟಿ ಬರೆಯುವವನ ಗಂಟಲು ದೊಡ್ಡದು. ಹೆಸರು, ಊರು, ಕಾಯಿಲೆ ಮೂರನ್ನೂ ಅಂಗಳಕ್ಕೆಲ್ಲ ಕೇಳುವಂತೆ ಓದಿಕೊಂಡೇ ಬರೆಯುತ್ತಿದ್ದ. ಹಾಗಾಗಿ ಈರಬಸಪ್ಪನಿಗೆ ಇದ್ದಕ್ಕಿದ್ದಂತೆ ಪರೋಪಕಾರದ ಬುದ್ಧಿ ಬಂತು. "ನಿಮ್ದು ಅವಸರ ಇರ್ಬೇಕು, ಮುಂದೆ ಹೋಗ್ರಿ," ಎಂದು ಹಿಂದಿನವರನ್ನೆಲ್ಲ ಒಬ್ಬೊಬ್ಬರಾಗಿ ಮುಂದೆ ಬಿಟ್ಟ. ಉಚ್ಚಂಗಮ್ಮ ಒಬ್ಬ ಬಸುರಿಯನ್ನು ಬಿಟ್ಟಳು, ಬಸುರಿಯ ತಾಯಿಯನ್ನು ಬಿಟ್ಟಳು, ಬರೀ ನೆರಳಿಗೆಂದು ಬಂದು ನಿಂತಿದ್ದ ಮುದುಕಿಯನ್ನೂ ಬಿಟ್ಟಳು. ಹನ್ನೊಂದು ಗಂಟೆಗೆ ಸಾಲಿನಲ್ಲಿ ಉಳಿದವರು ಇವರಿಬ್ಬರೇ. ಅವನು ಕಂಬಕ್ಕೆ ಬೆನ್ನು ಉಜ್ಜುತ್ತ, ಅವಳು ಸೆರಗಿನೊಳಗೆ ಬೆರಳ ಸಂದಿ ಕೆರೆಯುತ್ತ, ಇಬ್ಬರೂ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ಬಹಳ ಆಸಕ್ತಿಯಿಂದ ನೋಡಿದರು.

ಈರಬಸಪ್ಪನ ಸಂಕಟ ಕಜ್ಜಿಗಿಂತ ದೊಡ್ಡದು. ಮೊಮ್ಮಗ ಹುಟ್ಟಿ ನಾಲ್ಕು ತಿಂಗಳಾಗಿತ್ತು, ಅವನು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಕಜ್ಜಿ ಹೋಗುವ ತನಕ ಕೂಸಿನ ಹತ್ತಿರ ಸುಳಿಯಬಾರದೆಂದು ಹೆಂಡತಿ ಕಾಳಕ್ಕನ ಕಟ್ಟಪ್ಪಣೆ. ಮೊದಲ ಸಲ ಹೊಸದುರ್ಗದಿಂದ ಗುಟ್ಟಾಗಿ ತರಿಸಿದ್ದ ಔಷಧಿಯನ್ನು ಮನೆಮಂದಿಯೆಲ್ಲ ಹಚ್ಚಿಕೊಂಡು ತುರಿಕೆ ನಿಂತಿತ್ತು. "ಹದಿನೈದು ದಿನ ನೋಡಾಣ," ಎಂದಿದ್ದಳು ಕಾಳಕ್ಕ. ಅಷ್ಟರಲ್ಲಿ ಬೀಗಿತ್ತಿ ಕೂಸು ನೋಡಲು ಬಂದು ನಾಲ್ಕು ದಿನ ಇದ್ದು ಹೋದಳು, ಹದಿಮೂರನೇ ದಿನಕ್ಕೆ ಮತ್ತೆ ತುರಿಕೆ. ಕುರಿ ಹಿಂಡಿಗೆ ಕಜ್ಜಿ ಬಂದರೆ ಒಂದು ಮರಿಯನ್ನೂ ಬಿಡದೆ ಔಷಧಿ ತೊಟ್ಟಿಗೆ ಇಳಿಸುವ ಈರಬಸಪ್ಪನಿಗೆ ಕಾರಣ ಹೊಳೆಯದೆ ಇರಲಿಲ್ಲ. ಆದರೆ ಬೀಗಿತ್ತಿಗೆ ಹೋಳಿಗೆ ಬಡಿಸಿ, ಪಕ್ಕದಲ್ಲಿ ಕಜ್ಜಿಯ ಸೀಸೆ ಇಡುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇನ್ನು ಹತ್ತು ದಿನಕ್ಕೆ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವವಳಿದ್ದಳು.

"ಏನಪ್ಪ, ಇಬ್ರೂ ಗೋಡೆ ಕಾಯಾಕೆ ಬಂದೀರಾ? ಡಾಕ್ಟ್ರು ಎದ್ದು ಹೋಗ್ತಾರೆ, ಒಳಗೆ ನಡೀರಿ," ಎಂದು ಚೀಟಿಯವನು ಇಬ್ಬರನ್ನೂ ಒಟ್ಟಿಗೇ ಒಳಗೆ ಅಟ್ಟಿದ.

ಡಾಕ್ಟರು ಇಬ್ಬರ ಕೈಗಳನ್ನೂ ಒಮ್ಮೆ ತಿರುಗಿಸಿ ನೋಡಿದರು. "ಕಜ್ಜಿ."

"ಕೆಮ್ಮು ಸ್ವಾಮಿ," ಎಂದ ಈರಬಸಪ್ಪ.

"ಕೆಮ್ಮು ಬೆರಳ ಸಂದಿಯಲ್ಲಿ ಬರಲ್ಲಪ್ಪ. ಇಬ್ಬರಿಗೂ ಒಂದೇ. ಗಂಡ ಹೆಂಡ್ತೀನಾ?"

"ಶಿವಶಿವಾ, ಬೀಗ್ರು," ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿ ಒಂದೊಂದು ಮಾರು ದೂರ ಸರಿದರು.

"ಮೊದಲು ಯಾರಿಗೆ ಬಂತು?"

"ಇವರು ಬಂದು ಹೋದ ಮ್ಯಾಲೆ," ಎಂದ ಅವನು. "ಇವರ ಮನೆಗೆ ಹೋಗಿ ಬಂದ ಮ್ಯಾಲೆ," ಎಂದಳು ಅವಳು.

ಡಾಕ್ಟರು ಆ ವಿಚಾರಣೆಯನ್ನು ಅಲ್ಲಿಗೇ ಕೈಬಿಟ್ಟರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಅವನು ಏಳು ಎಂದ, ಅವಳು ಐದು ಎಂದಳು. "ಹಾಗಾದ್ರೆ ಹನ್ನೆರಡು ಜನವೂ ಒಂದೇ ದಿನ ಹಚ್ಚಬೇಕು, ಕುತ್ತಿಗೆಯಿಂದ ಅಂಗಾಲಿನ ತನಕ. ಬಟ್ಟೆ ಕುದಿಸಿ. ಒಬ್ಬರನ್ನು ಬಿಟ್ರೂ ಮತ್ತೆ ಇಲ್ಲಿಗೇ ಬರ್ತೀರಿ."

"ಹನ್ನೊಂದು ಬರೀರಿ ಸ್ವಾಮಿ," ಎಂದಳು ಉಚ್ಚಂಗಮ್ಮ. "ಸೊಸೆ ಅವರ ಲೆಕ್ಕಕ್ಕೇ ಇರ್ಲಿ, ನಾನು ಎಣಿಸಿಲ್ಲ. ಕೂಸು ಮಾತ್ರ ಅವರ ಏಳರಾಗೂ ನಮ್ಮ ಐದರಾಗೂ ಐತೆ."

ಇನ್ನೂ ತೊಟ್ಟಿಲು ಬಿಟ್ಟು ಹೊರಡದ ಕೂಸನ್ನು ಆಗಲೇ ತನ್ನ ಮನೆಗೆ ಸೇರಿಸಿಕೊಂಡಳಲ್ಲ ಎಂದು ಈರಬಸಪ್ಪನಿಗೆ ಉರಿಯಿತು. ಆದರೂ ಮದುವೆಗೆ ಕರೆಯುವ ಗತ್ತಿನಲ್ಲೇ ಕೈ ಮುಗಿದು ಹೇಳಿದ. "ಭಾನುವಾರ ನಮ್ಮನೆಗೆ ಬಂದ್ಬಿಡ್ರಿ, ನಾಲ್ಕು ಮಂದೀನೂ. ಒಟ್ಟಿಗೇ ಹಚ್ಕಳ್ಳಾಣ."

"ಊರೋರು ಕೇಳಿದ್ರೆ?"

"ಕೂಸು ಕಳ್ಸೋ ಮುಂಚೆ ಒಂದು ಊಟ ಅನ್ನಾಣ."

ಕಾಂಪೌಂಡರು ಎರಡೂ ಸೀಸೆಗೆ ಹಾಲಿನಂಥ ಔಷಧಿ ತುಂಬಿಸಿದ. ಡಾಕ್ಟರು ಬೇರೆಯಾಗಿ ಒಂದು ಡಬ್ಬಿ ಕೊಟ್ಟರು. "ಇದು ಕೂಸಿಗೆ, ಗಂಧಕದ ಮುಲಾಮು. ಹಚ್ಚುವಾಗ ಒದ್ದಾಡುತ್ತೆ, ಒಬ್ಬರು ಎತ್ತಿ ಹಿಡ್ಕೊಂಡಿರಬೇಕು."

ಈರಬಸಪ್ಪ ಡಬ್ಬಿಯನ್ನು ಬೀಗಿತ್ತಿಯ ಕೈಗೇ ಕೊಟ್ಟ. "ನಂಗ್ಯಾಕೆ ಕೊಡ್ತೀರಿ? ತಾತ ಅಲ್ವಾ ನೀವು," ಎಂದಳು ಅವಳು.

"ಕಾಳಿ ನಂಗೆ ಕೂಸು ಕೊಡಲ್ಲ ಬೀಗ್ರೆ. ಹುಟ್ಟಿದಾಗಿಂದ ಮುಟ್ಟಿಲ್ಲ."

ಬೀಗರ ಮನೆಯಲ್ಲಿದ್ದ ಆ ನಾಲ್ಕು ದಿನವೂ ಕೂಸನ್ನು ಮಡಿಲಿನಿಂದ ಕೆಳಗೆ ಇಳಿಸದೆ ಇದ್ದವಳು ಉಚ್ಚಂಗಮ್ಮನೇ. ಡಬ್ಬಿಯನ್ನು ಸೆರಗಿನ ತುದಿಗೆ ಭದ್ರವಾಗಿ ಗಂಟು ಹಾಕಿಕೊಂಡಳು.

"ಕಾಳಕ್ಕಗೆ ನಾನ್ ಹೇಳ್ತೀನಿ. ಭಾನುವಾರ ಕೂಸನ್ನ ನೀವೇ ಎತ್ಕಂಡಿರ್ರಿ," ಎಂದಳು. "ಮುಲಾಮು ನಾನು ನಿಧಾನಕ್ಕೆ ಹಚ್ತೀನಿ."