ಉದ್ದನೆಯ ಕಮಾಂಡ್

ಬಹುಮಾನದ ಅರ್ಜಿಯಲ್ಲಿ ಎರಡೇ ಕಾಲಂ ಖಾಲಿ ಉಳಿದಿದ್ದವು: ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ ಕರ್ನಲ್, ಯಾವುದು, ಅದನ್ನು ಕಟ್ಟಿದವರು ಯಾರು. ನಗರಸಭೆಯಿಂದ ಬಂದಿದ್ದ ವೆಲೆವಾ ಪೆನ್ನು ಹಿಡಿದು ಕಾದಿದ್ದರು. ಟ್ರಾಲಿಬಸ್ ಡಿಪೋದ ಮುಖ್ಯ ಇಂಜಿನಿಯರ್ ಕರಾದಿಮೋವ್ ಗಂಟಲು ಸರಿಮಾಡಿಕೊಂಡರು.

"ಕಟ್ಟಿದ್ದು ನಾನೇ. ನಂಬರ್ ಮಾತ್ರ ಮರೆತಿದೆ. ಗಿನ್ಕಾ, ಒಂಚೂರು ತೆಗೆದು ಕೊಡಮ್ಮ."

ತಂತ್ರಜ್ಞೆ ಗಿನ್ಕಾ ಕೀಲಿಮಣೆಯ ಮುಂದೆ ಕುಳಿತಳು. ಯಾವ ನಿಲ್ದಾಣಕ್ಕೆ ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆಂದು ಊರಿಗೆಲ್ಲ ಹೇಳುವ ಆ ಯಂತ್ರಕ್ಕೆ ಹದಿನಾಲ್ಕು ವರ್ಷ. ಕರಾದಿಮೋವ್ ಸುಳ್ಳುಗಾರರೇನಲ್ಲ, 'ನಾನೇ ಕಟ್ಟಿದ್ದು' ಎಂದು ಹೇಳಿ ಹೇಳಿ ಕೊನೆಗೆ ತಾವೇ ನಂಬಿಬಿಟ್ಟಿದ್ದರು. ಗಿನ್ಕಾ ಒಮ್ಮೆಯೂ ಎದುರಾಡಿರಲಿಲ್ಲ. ಮುಂದಿನ ವಾರ ಅವಳ ನಿವೃತ್ತಿ. ಇವತ್ತು ಈ ಹಾಳೆಯ ಮೇಲೆ ಬೀಳದ ಹೆಸರು ಇನ್ನೆಂದೂ ಬೀಳುವುದಿಲ್ಲ. ಅಲ್ಲಿ ತನ್ನ ಹೆಸರು ಬರಲಿ ಎಂಬ ಆಸೆ ತನಗೂ ಇತ್ತೆಂದು ಅವಳಿಗೆ ಈಗಷ್ಟೇ ಗೊತ್ತಾಯಿತು.

ಕೇಳಿದ್ದನ್ನು ತಿಳಿಯಲು ಎರಡು ಕಮಾಂಡ್‌ಗಳಿದ್ದವು. ಚಿಕ್ಕದು, ಯುನೇಮ್, ಕರ್ನಲ್‌ನ ನಂಬರ್ ಹೇಳಿ ಸುಮ್ಮನಾಗುತ್ತದೆ. ಉದ್ದನೆಯದು ನಂಬರಿನ ಜೊತೆಗೆ ಅದನ್ನು ಯಾರು, ಯಾವ ಯಂತ್ರದಲ್ಲಿ, ಯಾವತ್ತು ಕಟ್ಟಿದರೆಂಬುದನ್ನೂ ಹೊರಗೆ ಹಾಕುತ್ತದೆ. ಇಷ್ಟು ವರ್ಷ ಯಾರು ಕೇಳಿದರೂ ಅವಳು ಚಿಕ್ಕದನ್ನೇ ಕೊಟ್ಟಿದ್ದಳು.

ಈಗಲೂ ಬೆರಳು ತಾನಾಗಿಯೇ ಚಿಕ್ಕದನ್ನು ಟೈಪ್ ಮಾಡಿತು. ಎಂಟರ್ ಒತ್ತುವ ಮೊದಲು ತಡೆದಳು. ಒಂದೊಂದೇ ಅಕ್ಷರ ಅಳಿಸಿ, ಉದ್ದನೆಯದನ್ನು ಹಾಕಿ ಒತ್ತಿಯೇಬಿಟ್ಟಳು.

ವೆಲೆವಾ ಪರದೆಯತ್ತ ಬಾಗಿ ನಂಬರ್ ಬರೆದುಕೊಂಡರು. ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಕಟ್ಟಿದವರ ಜಾಗದಲ್ಲಿ ಗಿನ್ಕಾ ಎಂದಿದೆ, ಕಟ್ಟಿದ ಯಂತ್ರದ ಹೆಸರು ಅಡುಗೆಮನೆ ಎಂದಿದೆ, ಇದೇನೆಂದು ಕೇಳಿದರು.

"ಆಗ ಡಿಪೋದಲ್ಲಿ ಜಾಗ ಕೊಟ್ಟಿರಲಿಲ್ಲ ಮೇಡಂ. ನಮ್ಮನೆ ಅಡುಗೆಮನೇಲೇ ಕೂತು ಕಟ್ಟಿದ್ದು."

ಕರಾದಿಮೋವ್ ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. ಮರೆತದ್ದು ನೆನಪಾಗಿ ಕಿವಿ ಕೆಂಪಾಯಿತು.

"ಅವತ್ತು ನಾನೂ ಇದ್ದೆ, ಅಲ್ವೇನಮ್ಮ?"

"ಇದ್ರಲ್ಲ ಸರ್. ಮೂರು ಬಟ್ಟಲು ಕಾಳಿನ ಸಾರು ಕುಡಿದ್ರಿ." ಹೇಳುವಾಗ ಅವಳಿಗೆ ಅವರ ಮೇಲೆ ಸಿಟ್ಟೇನೂ ಉಳಿದಿರಲಿಲ್ಲ, ಮನಸ್ಸು ಹಗುರವಾಗಿತ್ತು.

ವೆಲೆವಾ ಅವಳ ಹೆಸರನ್ನು ದುಂಡಗೆ ಬರೆದರು. ಆಮೇಲೆ ಅರ್ಜಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ತಲೆಯೆತ್ತಿದರು.

"ಸಾರು ಕುಡಿದವರಿಗೆ ಇದರಲ್ಲಿ ಕಾಲಂ ಇಲ್ಲ, ಇಂಜಿನಿಯರ್ ಸಾಹೇಬ್ರೇ."