ಕೂಡಿಕೊಂಡ ಗೀರು

"ದಾಟಿಬಿಟ್ವಲ್ಲ ಇವು! ಒಂದೇ ದಿನಕ್ಕೆ ದಾಟಿಬಿಟ್ವಲ್ಲಪ್ಪಾ!" ಎಂದು ಸಂಶೋಧಕಿ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿಯೇಬಿಟ್ಟಳು. ಹೊಟ್ಟೆಯ ಕ್ಯಾನ್ಸರ್ ಮೈಯೆಲ್ಲ ಹರಡಲು ಮೈಕ್ರೊ ಆರ್‌ಎನ್‌ಎ ಎಂಬ, ಕೋಶದೊಳಗಿನ ಪುಟಾಣಿ ತುಣುಕೊಂದು ಕುಮ್ಮಕ್ಕು ಕೊಡುತ್ತದೆಂದು ಮೂರು ವರ್ಷ ಗಂಟಲು ಹರಿದುಕೊಂಡರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಿನ್ನೆ ಗಾಜಿನ ತಟ್ಟೆಯಲ್ಲಿ ಬೆಳೆದ ಕ್ಯಾನ್ಸರ್ ಕೋಶಗಳ ನಡುವೆ ಒಂದು ಗೀರು ಎಳೆದು, ಆ ತುಣುಕನ್ನು ಬೆರೆಸಿಟ್ಟಿದ್ದಳು. ಇವತ್ತು ಕೋಶಗಳು ಎರಡೂ ಕಡೆಯಿಂದ ತೆವಳಿ ಬಂದು ಗೀರನ್ನೇ ಮುಚ್ಚಿಹಾಕಿದ್ದವು. ತುಣುಕು ಬೆರೆಸದ ತಟ್ಟೆಯಲ್ಲಿ ಗೀರು ಹಾಗೇ ಇತ್ತು; ಕ್ಯಾನ್ಸರ್ ಹರಡುವ ಬಗೆಗಿನ ಅವಳ ಮಾತಿಗೆ ಕೊನೆಗೂ ಸಾಕ್ಷಿ ಸಿಕ್ಕಿತ್ತು.

ತಿರುಗಿದರೆ ಬಾಗಿಲಲ್ಲಿ ದರ್ಜಿ ನಿಂತಿದ್ದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಆ ಕೋಶಗಳು ಅವನ ಹೆಂಡತಿಯ ಹೊಟ್ಟೆಯವು. ಒಪ್ಪಿಗೆ ಪತ್ರಕ್ಕೆ ಇನ್ನೊಂದು ಸಹಿ ಬೇಕೆಂದು ಸಂಶೋಧಕಿಯೇ ಅವನನ್ನು ಕರೆಸಿದ್ದಳು.

ಪರದೆಯ ಮೇಲೆ ನಿನ್ನೆಯ ಚಿತ್ರವೂ ಇವತ್ತಿನದೂ ಅಕ್ಕಪಕ್ಕದಲ್ಲಿದ್ದವು. ಅವನು ಹತ್ತಿರ ಬಂದು, ಹೊಲಿಗೆ ಪರೀಕ್ಷಿಸುವವನಂತೆ ಗೀರಿದ್ದ ಜಾಗದುದ್ದಕ್ಕೂ ಬೆರಳಾಡಿಸಿದ. "ನಿನ್ನೆ ಹರಿದಿತ್ತು, ಇವತ್ತು ಗುರುತೇ ಸಿಗದ ಹಾಗೆ ಕೂಡ್ಕೊಂಡಿದೆ, ಅಲ್ವಾ ಮೇಡಂ? ನೀವು ಖುಷಿಪಟ್ಟಿದ್ದು ನೋಡಿ ನನಗೆ ಹೋದ ಜೀವ ಬಂದ ಹಾಗಾಯ್ತು."

ಅವಳ ಅಂಗೈಗಳೆರಡೂ ಇನ್ನೂ ಎದೆಯ ಮುಂದೆ ಕೂಡಿಕೊಂಡೇ ಇದ್ದವು. ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿದಳು. ಬಾಯಿ ತೆರೆಯುವಷ್ಟರಲ್ಲಿ ಅವನು ಫೋನನ್ನು ಕಿವಿಗಿಟ್ಟಿದ್ದ.

"ಲೇ, ಕೇಳಿಸ್ತಾ? ಕೂಡ್ಕೊಂಡಿದೆ ಕಣೆ! ಮೇಡಂ ಚಪ್ಪಾಳೆನೇ ತಟ್ಟಿದ್ರು!" ಎಂದವನು ಫೋನನ್ನು ಅವಳತ್ತ ಚಾಚಿದ. "ತಗೊಳ್ಳಿ ಮೇಡಂ, ನಿಮ್ಮ ಬಾಯಲ್ಲೇ ಒಂದು ಮಾತು ಹೇಳ್ಬಿಡಿ."

ಫೋನಿನೊಳಗಿಂದ ಅವನ ಹೆಂಡತಿಯ ಕ್ಷೀಣ ನಗು ಕೇಳುತ್ತಿತ್ತು. ಸಂಶೋಧಕಿಯ ಕೈ ಜೇಬಿನಿಂದ ಹೊರಗೆ ಬರಲಿಲ್ಲ.