ಆಕ್ಷೇಪಕ್ಕೆ ಅವಕಾಶವಿಲ್ಲ

“ಆಕ್ಷೇಪ ಉಂಟು,” ಎಂದು ಇಗ್ನೇಶಿಯಸ್ ಮತ್ತೆ ಎದ್ದು ನಿಂತ.

ಕೊಲ್ಲಿ ನಾಡಿನ ಊದ್ ಮೇಥಾ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ ಕೂತಿದ್ದ ಕರಾವಳಿ ಬಳಗದ ಸದಸ್ಯರು ಬೇಸರದಿಂದ ಫೋನ್ ತೆಗೆದು ನೋಡತೊಡಗಿದರು. ಬಳಗದ ನಿಯಮವೇ ಹಾಗಿತ್ತು. ಅಧ್ಯಕ್ಷರು ಸೂಚಿಸಿದ ಹೆಸರನ್ನು ಸಭೆ ಒಪ್ಪಬೇಕು. ಒಬ್ಬನೇ ಒಬ್ಬ ಎದ್ದು ಆಕ್ಷೇಪಿಸಿದರೂ ಆ ಹೆಸರು ಮುಂದಿನ ಸಭೆಗೆ ಹೋಗಬೇಕು. ಚುನಾವಣೆಯಲ್ಲಿ ಸೋತ ಇಗ್ನೇಶಿಯಸ್‌ನ ಸಣ್ಣ ಗುಂಪಿಗೆ ಅಷ್ಟು ಸಾಕಾಗಿತ್ತು. ಎವ್ಲಿನ್ ಅಧ್ಯಕ್ಷೆಯಾದಾಗಿನಿಂದ ಒಂದು ಸಮಿತಿಯೂ ಭರ್ತಿಯಾಗಿರಲಿಲ್ಲ.

ಆಟೋಟದ ಸಮಿತಿ ಖಾಲಿ ಬಿದ್ದಿದ್ದರೆ ಅವಳೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇಲ್ಲಿ ತೀರಿಕೊಂಡವರನ್ನು ಊರಿಗೆ ಕಳಿಸುವ ಸಮಿತಿಯೂ ಖಾಲಿ. ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ತನ್ನ ಕೋಣೆಯಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟ ಟ್ರೆವರ್ ಇನ್ನೂ ಶವಾಗಾರದಲ್ಲಿದ್ದ. ಅವನ ಕಂಪನಿ ಬಾಗಿಲು ಹಾಕಿತ್ತು. ಕಂಪನಿಯ ಬದಲು ಜವಾಬ್ದಾರಿ ಹೊರಲು ಬಳಗ ಒಪ್ಪಿದರೂ ಬಳಗದ ಪರವಾಗಿ ಸಹಿ ಹಾಕುವ ಸಂಚಾಲಕನಿರಲಿಲ್ಲ. ಆ ಜಾಗಕ್ಕೆ ಎವ್ಲಿನ್ ಸೂಚಿಸಿದ್ದ ಸವಾದ್‌ನ ಹೆಸರೂ ಆಕ್ಷೇಪಕ್ಕೆ ಸಿಕ್ಕಿ ಮುಂದಕ್ಕೆ ಹೋಗಿತ್ತು. ಟ್ರೆವರನ ಊರು ಶಿರ್ವದಿಂದ ಅವನ ತಂಗಿ ಆನ್ ಮರಿಯಾ ದಿನಾ ಫೋನ್ ಮಾಡುತ್ತಿದ್ದಳು. ಆಸ್ಪತ್ರೆಯ ಡ್ಯೂಟಿಯ ನಡುವೆ ಆ ಹೆಸರು ಕಂಡರೆ ನರ್ಸ್ ಎವ್ಲಿನ್‌ಗೆ ಫೋನ್ ಎತ್ತಲು ಅಳುಕಾಗುತ್ತಿತ್ತು.

ಅದಕ್ಕೇ ಇಂದು ಅವಳು ನಿಯಮವನ್ನೇ ಬದಲಿಸಲು ಹೊರಟಿದ್ದಳು. ಎಲ್ಲ ಹೆಸರುಗಳಿಗೂ ಒಂದೇ ಮತ, ಬಹುಮತ ಬಂದರೆ ಸಾಕು. ನಡುವೆ ಯಾರ ಆಕ್ಷೇಪವನ್ನೂ ಕೇಳುವಂತಿಲ್ಲ.

“ಇದು ಸರಿಯಲ್ಲ ಮೇಡಂ,” ಇಗ್ನೇಶಿಯಸ್ ಕೂಗಿದ. “ಸವಾದ್‌ನ ಹೆಸರು ಒಂದನ್ನೇ ಬೇರೆ ಮಾಡಿ, ಟ್ರೆವರನ ಕೆಲಸಕ್ಕೆ ಈಗಲೇ ಒಪ್ತೇವೆ. ಸತ್ತವನನ್ನು ಮುಂದೆ ಇಟ್ಕೊಂಡು ಉಳಿದವರನ್ನೂ ಒಳಗೆ ತುಂಬ್ತೀರಲ್ಲ!”

“ಹೋದ ಸಭೆಯಲ್ಲಿ ಸವಾದ್‌ಗೇ ಅಡ್ಡ ಹಾಕಿದ್ದು ಯಾರು? ಆಗ ಟ್ರೆವರ್ ನೆನಪಾಗ್ಲಿಲ್ವಾ?”

ಇಗ್ನೇಶಿಯಸ್ ಹೇಳಿದ್ದರಲ್ಲಿ ಅರ್ಧ ನಿಜವಿದೆಯೆಂದು ಎವ್ಲಿನ್‌ಗೂ ಗೊತ್ತಿತ್ತು. ಆದರೂ ಮತಕ್ಕೆ ಹಾಕಿದಳು. ಹೊಸ ನಿಯಮ ಪಾಸಾಯಿತು. “ಯಲ್ಲಾ, ನಡೀರಿ. ನಮಗಿಲ್ಲಿ ಎಂತ ಕೆಲಸ?” ಎನ್ನುತ್ತ ಇಗ್ನೇಶಿಯಸ್ ತನ್ನವರನ್ನು ಕರೆದುಕೊಂಡು ಹೊರಟುಹೋದ.

ಎವ್ಲಿನ್ ಹೆಸರುಗಳನ್ನು ಓದಿದಳು. ಸಭೆಯಲ್ಲಿ ಕೈಗಳು ಎದ್ದವು. ಅಬುಧಾಬಿಯಿಂದ ಆನ್‌ಲೈನ್ ಸೇರಿದ್ದ ಸದಸ್ಯರು ಗೋಡೆಯ ಪರದೆಯ ಮೇಲಿಂದಲೇ ತಲೆಯಾಡಿಸಿದರು. ಅಷ್ಟರಲ್ಲಿ ಅವರ ಮುಖಗಳ ಕೆಳಗೆ ಹೊಸದೊಂದು ಚೌಕ ಮೂಡಿತು. ಪೂರ್ತಿ ಕಪ್ಪು. ಮುಖವಿಲ್ಲ, ಹೆಸರು ಮಾತ್ರ: ಟ್ರೆವರ್. ಹೆಸರಿನ ಪಕ್ಕದಲ್ಲಿ, ಮಾತಾಡಲು ಅವಕಾಶ ಕೇಳುವ ಪುಟ್ಟ ಹಳದಿ ಕೈ ಮೇಲೆದ್ದಿತು.

ಎಸಿಯ ಗಾಳಿಯ ಸದ್ದು ಒಮ್ಮೆಲೇ ಜೋರಾದಂತೆ ಕೇಳಿಸಿತು. “ಯಾರೋ ಅವನ ಫೋನಲ್ಲಿ ಆಟ ಆಡುದು,” ಎಂದ ಸವಾದ್. ಅವನ ದನಿಯಲ್ಲಿ ಗಟ್ಟಿತನವಿರಲಿಲ್ಲ. “ತೆಗಿ ಅದನ್ನ.”

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಡಿಕ್ಸನ್ ಆ ಕೈಯನ್ನು ಇಳಿಸಿದ. ಅದು ಮತ್ತೆ ಎದ್ದಿತು. ಇಳಿಸಿದ. ಮತ್ತೆ ಎದ್ದಿತು, ಆತುರವೇ ಇಲ್ಲದೆ.

“ಮೇಡಂ, ಮೈಕ್ ಆನ್ ಮಾಡ್ಲಾ?” ಡಿಕ್ಸನ್ ಪಿಸುಗುಟ್ಟಿದ. “ಎಂತದೋ ಹೇಳ್ಲಿಕ್ಕೆ ಉಂಟು ಕಾಣ್ತದೆ.”

ಎಲ್ಲರೂ ಎವ್ಲಿನ್ ಕಡೆ ತಿರುಗಿದರು. ಆಸ್ಪತ್ರೆಯಲ್ಲಿ ಸತ್ತ ಎಷ್ಟೋ ಜನರ ಕಣ್ಣು ಮುಚ್ಚಿಸಿದವಳು ಅವಳು. ‘ಆನ್ ಮಾಡು’ ಎಂದರೆ ಸಾಕಿತ್ತು. ಆಗ ಕೇಳಿಸಬಹುದಾದ ದನಿಯನ್ನು ನೆನೆದು ಅವಳು ಪರದೆಯಿಂದ ಮುಖ ತಿರುಗಿಸಿದಳು.

“ಹೊಸ ನಿಯಮದಲ್ಲಿ ಆಕ್ಷೇಪಕ್ಕೆ ಅವಕಾಶ ಇಲ್ಲ,” ಎಂದುಬಿಟ್ಟಳು. “ಎಲ್ಲ ಹೆಸರುಗಳೂ ಅಂಗೀಕಾರ ಆಗಿವೆ.”

ಹಳದಿ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ತಾನಾಗಿಯೇ ಇಳಿಯಿತು. ಕಪ್ಪು ಚೌಕವೂ ಮಾಯವಾಯಿತು. ಟ್ರೆವರನನ್ನು ಊರಿಗೆ ಕಳಿಸುವ ಕಾಗದಕ್ಕೆ ಸವಾದ್ ತಲೆಯೆತ್ತದೆ ಸಹಿ ಹಾಕಿದ.

ಎವ್ಲಿನ್ ಕಾರಿಡಾರಿಗೆ ಬಂದಳು. ಇಗ್ನೇಶಿಯಸ್ ಅಲ್ಲೇ ಚಹಾ ಕುಡಿಯುತ್ತಿದ್ದ. “ನಿಮ್ಮವರದ್ದು ಇದೆಂತ ತಮಾಷೆ?” ಎಂದು ಅವನ ಮೇಲೆ ಹರಿಹಾಯ್ದಳು. “ಟ್ರೆವರನ ಫೋನ್ ಯಾರ ಹತ್ರ ಉಂಟು?”

ನಡೆದದ್ದನ್ನು ಕೇಳುತ್ತಿದ್ದಂತೆ ಅವನ ಮುಖ ಬಿಳುಚಿತು. “ಫೋನನ್ನು ಪೊಲೀಸರಿಗೆ ಕೊಟ್ಟವನೇ ನಾನು. ಆಫ್ ಆಗಿತ್ತು. ನನ್ನ ಎದುರೇ ಚೀಲಕ್ಕೆ ಹಾಕಿ ಸೀಲ್ ಮಾಡಿದ್ರು.” ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಲ್ಲನೆ ಕೇಳಿದ, “ಎಂತ ಹೇಳಿದ ಅವ?”

“ಕೇಳ್ಲಿಲ್ಲ.”

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನ್ ಅದುರಿತು. ಆನ್ ಮರಿಯಾ.

“ಅಕ್ಕ, ಇವತ್ತಾದ್ರೂ ಆಯ್ತಾ?”

“ಆಯ್ತು. ಸಹಿ ಆಯ್ತು.” ಎವ್ಲಿನ್ ಗೋಡೆಗೆ ಒರಗಿದಳು. “ಆನ್, ಟ್ರೆವರ್‌ಗೆ ಊರಿಗೆ ಬರುವ ಮನಸ್ಸು ಇತ್ತಾ?”

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಒಂದು ಸದ್ದು.

“ಎಲ್ಲಿಂದ ಅಕ್ಕ! ಅಪ್ಪನ ಮಣ್ಣಿಗೂ ಬರದವ. ಸತ್ತರೂ ಈ ಊರಿಗೆ ಕಾಲಿಡುದಿಲ್ಲ ಅಂತ ಹೇಳಿಯೇ ಹೋದದ್ದು.” ಅವಳು ಮೂಗೊರೆಸಿಕೊಂಡಳು. “ಈಗ ಬರ್ತಾನೆ. ಬೇಡ ಅನ್ಲಿಕ್ಕೆ ಇನ್ನು ಅವನಿಂದ ಆಗುದಿಲ್ಲಲ್ಲ.”